ಪ್ಲೀನಮ್ ಸ್ಪೇಸರ್: ಯಾವ ಎಂಜಿನ್‌ಗೆ, ಎಷ್ಟು ದಪ್ಪ, ಯಾವ ವಸ್ತು?

ಪೆಟ್ರೋಲ್ ಎಂಜಿನ್‌ಗೆ ಬೇಕಾದ ಗಾಳಿ ಫಿಲ್ಟರ್ ಮತ್ತು ಥ್ರಾಟಲ್ ದಾಟಿ ಮೊದಲು ಒಂದು ಪೆಟ್ಟಿಗೆಯೊಳಗೆ ಸೇರುತ್ತದೆ. ಆ ಪೆಟ್ಟಿಗೆಯೇ ಪ್ಲೀನಮ್. ಅಲ್ಲಿಂದ ರನ್ನರ್ ಎಂಬ ಕೊಳವೆಗಳ ಮೂಲಕ ಗಾಳಿ ಒಂದೊಂದು ಸಿಲಿಂಡರಿಗೂ ಹಂಚಿಹೋಗುತ್ತದೆ. ಪ್ಲೀನಮ್‌ನ ಮೇಲಿನ ಮುಚ್ಚಳಕ್ಕೂ ಕೆಳಗಿನ ಭಾಗಕ್ಕೂ ನಡುವೆ ಕೂರಿಸುವ ಚಪ್ಪಟೆ ಚೌಕಟ್ಟಿಗೆ ಪ್ಲೀನಮ್ ಸ್ಪೇಸರ್ ಎನ್ನುತ್ತಾರೆ. ಅದು ಮುಚ್ಚಳವನ್ನು ಕೆಲವು ಮಿಲಿಮೀಟರ್ ಮೇಲಕ್ಕೆತ್ತುತ್ತದೆ. ಅದರ ಮುಖ್ಯ ಕೆಲಸ ಅಷ್ಟೇ. ಆ ಎತ್ತರದ ಕೊರತೆ ಇರುವ ಎಂಜಿನ್‌ಗೆ ಅದರಿಂದ ನಿಜವಾದ ಲಾಭವಿದೆ. ಕೊರತೆ ಇಲ್ಲದ ಎಂಜಿನ್‌ಗೆ ಲಾಭ ಅತ್ಯಲ್ಪ.

ಈ ಕೊರತೆಗೆ ಹೆಸರಾದ ಎಂಜಿನ್ ನಿಸಾನ್ ಕಂಪನಿಯ ವಿಕ್ಯೂ35ಡಿಇ. ಇದು 3,498 ಸಿಸಿಯ ವಿ6 ಎಂಜಿನ್; 2002ರಲ್ಲಿ ಬಂದ 350ಝಡ್ ಸ್ಪೋರ್ಟ್ಸ್ ಕಾರಿನಲ್ಲೂ ಇನ್ಫಿನಿಟಿ ಜಿ35ರಲ್ಲೂ ಇತ್ತು. ಬಾನೆಟ್ ಮುಂದಕ್ಕೆ ಇಳಿಜಾರಾಗಿರುವುದರಿಂದ ಪ್ಲೀನಮ್ ಮುಚ್ಚಳವೂ ಮುಂಭಾಗದಲ್ಲಿ ತಗ್ಗಿದೆ. ತಗ್ಗಿದ ಆ ಮೂಲೆಯ ಕೆಳಗೇ 1 ಮತ್ತು 2ನೇ ಸಿಲಿಂಡರುಗಳ ರನ್ನರ್ ಬಾಯಿಗಳಿವೆ. ಹಿಂದಿನ ನಾಲ್ಕಕ್ಕೆ ಗಾಳಿ ಸಲೀಸಾಗಿ ಸಿಗುತ್ತದೆ, ಮುಂದಿನ ಎರಡಕ್ಕೆ ಇಕ್ಕಟ್ಟು.

ಈ ಇಕ್ಕಟ್ಟನ್ನು ಲೆಕ್ಕದಲ್ಲೇ ನೋಡಬಹುದು. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ 3.5 ಲೀಟರ್ ಎಂಜಿನ್ ಸೆಕೆಂಡಿಗೆ ಸುಮಾರು 175 ಲೀಟರ್ ಗಾಳಿ ಎಳೆಯುತ್ತದೆ. ಪಿಸ್ಟನ್ ಒಮ್ಮೆ ಕೆಳಗಿಳಿಯಲು ಸಿಗುವ ಸಮಯ ಬರೀ 5 ಮಿಲಿಸೆಕೆಂಡ್. ಅಷ್ಟರಲ್ಲಿ ಗಾಳಿ ಮುಚ್ಚಳಕ್ಕೂ ರನ್ನರ್ ಬಾಯಿಗೂ ನಡುವಿನ ಸಂದಿಯಿಂದ ನುಗ್ಗಬೇಕು. ದುಂಡು ಕೊಳವೆಯ ಬಾಯಿಯ ಮೇಲೆ ಚಪ್ಪಟೆ ಮುಚ್ಚಳವಿದ್ದರೆ, ಸಂದಿಯ ಎತ್ತರ ಕೊಳವೆಯ ವ್ಯಾಸದ ಕಾಲು ಭಾಗ ಇದ್ದಾಗ ಸುತ್ತಲಿನ ಸಂದಿಯ ವಿಸ್ತೀರ್ಣ ಕೊಳವೆಯ ವಿಸ್ತೀರ್ಣಕ್ಕೆ ಸಮನಾಗುತ್ತದೆ. 48 ಮಿ.ಮೀ. ವ್ಯಾಸದ ಕೊಳವೆಗೆ ಆ ಎತ್ತರ 12 ಮಿ.ಮೀ. ಅದಕ್ಕಿಂತ ಕಡಿಮೆಯಾದರೆ ಸಂದಿಯೇ ಕತ್ತು ಹಿಸುಕುತ್ತದೆ. ವಾಸ್ತವದಲ್ಲಿ ಒಂದು ಬದಿಗೆ ಪ್ಲೀನಮ್ ಗೋಡೆ ಅಡ್ಡ ಬರುವುದರಿಂದಲೂ ಗಾಳಿ ಥಟ್ಟನೆ ತಿರುಗಬೇಕಾದ್ದರಿಂದಲೂ ಇದರ ಎರಡು ಪಟ್ಟು ಎತ್ತರವಿದ್ದರೆ ಒಳ್ಳೆಯದು. 12 ಮಿ.ಮೀ. ಇದ್ದ ಕಡೆ 8 ಮಿ.ಮೀ. ಸೇರಿಸಿದರೆ ದಾರಿ ಮೂರರಲ್ಲಿ ಎರಡು ಪಾಲಿನಷ್ಟು ಹಿಗ್ಗುತ್ತದೆ. ಆಗಲೇ 40 ಮಿ.ಮೀ. ಇರುವ ಕಡೆ ಅದೇ 8 ಮಿ.ಮೀ.ನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಒಂದೇ ಸ್ಪೇಸರ್ ಒಂದು ಕಾರಿನಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಸುಮ್ಮನೆ ಕೂರುವುದಕ್ಕೆ ಕಾರಣ ಇದು.

ಹಂಚಿಕೆ ಏರುಪೇರಾದರೆ ಹೋಗುವುದು ಬರೀ ಶಕ್ತಿಯಲ್ಲ. ಗಾಳಿಯ ಸೆನ್ಸರ್ ಅಳೆಯುವುದು ಒಟ್ಟು ಗಾಳಿಯನ್ನು. ಕಂಪ್ಯೂಟರ್ ಅದನ್ನು ಆರರಿಂದ ಭಾಗಿಸಿ ಎಲ್ಲ ಸಿಲಿಂಡರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಪೆಟ್ರೋಲ್ ಹಾಯಿಸುತ್ತದೆ. ಗಾಳಿ ಕಡಿಮೆ ಸಿಕ್ಕ ಸಿಲಿಂಡರಿನಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ, ಉಳಿದವುಗಳಲ್ಲಿ ಕೊಂಚ ಕಡಿಮೆಯಾಗುತ್ತದೆ. ಎಕ್ಸಾಸ್ಟ್‌ನ ಆಕ್ಸಿಜನ್ ಸೆನ್ಸರ್ ಮೂರು ಸಿಲಿಂಡರುಗಳ ಸರಾಸರಿಯನ್ನಷ್ಟೇ ನೋಡುವುದರಿಂದ ಅದಕ್ಕೂ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟರೆ ಸುಳಿವು ಸಿಗುತ್ತದೆ: ಮುಂದಿನ ಎರಡರ ತುದಿ ಮಾತ್ರ ಮಸಿ ಹಿಡಿದು, ಉಳಿದವು ತಿಳಿಗಂದಾಗಿದ್ದರೆ ಹಂಚಿಕೆ ಸರಿಯಿಲ್ಲದಿರುವ ಸಾಧ್ಯತೆ ಹೆಚ್ಚು. ಸ್ಪೇಸರ್ ಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆ ಇದೇ, ಇದಕ್ಕೆ ಖರ್ಚೂ ಇಲ್ಲ.

ದಪ್ಪದ ಆಯ್ಕೆಯನ್ನು ನಿರ್ಧರಿಸುವುದು ಬಾನೆಟ್. 350ಝಡ್‌ಗೆ 5/16 ಇಂಚು ಮತ್ತು 1/2 ಇಂಚಿನ, ಅಂದರೆ ಸುಮಾರು 8 ಮತ್ತು 12.7 ಮಿ.ಮೀ. ದಪ್ಪದ ಸ್ಪೇಸರುಗಳು ಮಾರುಕಟ್ಟೆಗೆ ಬಂದವು. ಆ ಕಾರಿನಲ್ಲಿ ಎರಡು ಸಸ್ಪೆನ್ಶನ್ ಗೋಪುರಗಳನ್ನು ಜೋಡಿಸುವ ಅಡ್ಡಪಟ್ಟಿ ಪ್ಲೀನಮ್ ಮೇಲೆಯೇ ಹಾದುಹೋಗುತ್ತದೆ; ಎತ್ತರ ಹೆಚ್ಚಿದಂತೆ ಮೊದಲು ತಗುಲುವ ಅಪಾಯ ಅದಕ್ಕೆ. ಜಾಗ ಅಳೆಯಲು ಮಕ್ಕಳು ಆಡುವ ಮೆತ್ತನೆ ಕ್ಲೇ ಸಾಕು. ಅದರ ಉಂಡೆಗಳನ್ನು ಪ್ಲೀನಮ್‌ನ ಎತ್ತರದ ಜಾಗಗಳಲ್ಲಿಟ್ಟು, ಬಾನೆಟ್ ಪೂರ್ತಿ ಮುಚ್ಚಿ ತೆಗೆದು, ಚಪ್ಪಟೆಯಾಗಿ ಉಳಿದ ಕ್ಲೇಯ ದಪ್ಪ ನೋಡಬೇಕು. ವೇಗ ಹೆಚ್ಚಿಸುವಾಗ ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುತ್ತದೆ. ಹಾಗಾಗಿ ಸಿಕ್ಕ ಅಳತೆಯನ್ನು ಪೂರ್ತಿ ಬಳಸದೆ ಕೆಲವು ಮಿಲಿಮೀಟರ್ ಬಿಡುವು ಬಿಡಬೇಕು. ಮುಚ್ಚಳದ ಜೊತೆಗೆ ಥ್ರಾಟಲ್ಲೂ ಮೇಲೇರುವುದರಿಂದ ಗಾಳಿಯ ಹೋಸ್, ಬ್ರೇಕ್ ಬೂಸ್ಟರ್ ಹೋಸ್, ವೈರುಗಳು ಎಳೆದಂತಾಗುತ್ತವೆಯೇ ಎಂಬುದನ್ನೂ ನೋಡಬೇಕು.

ವಸ್ತುವಿನ ವಿಷಯದಲ್ಲಿ ಜಾಹೀರಾತುಗಳ ಮಾತು ಜೋರು. ಅಲ್ಯೂಮಿನಿಯಂ ಗಟ್ಟಿ, ನೇರವಾಗಿ ಕೂರುತ್ತದೆ, ಆದರೆ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಫಿನಾಲಿಕ್ ಎಂಬ ರಾಳದ ಹಲಗೆ ಶಾಖವನ್ನು ಅದರ ನೂರಾರು ಪಟ್ಟು ಕಡಿಮೆ ಸಾಗಿಸುತ್ತದೆ. ಇದು ಬೇಕಲೈಟ್ ಜಾತಿಗೆ ಸೇರಿದ್ದು. ಹಳೆಯ ಬೈಕುಗಳಲ್ಲಿ ಕಾರ್ಬ್ಯುರೇಟರಿಗೂ ಎಂಜಿನ್‌ಗೂ ನಡುವೆ ನಮ್ಮ ಮೆಕ್ಯಾನಿಕ್‌ಗಳು ಹಾಕುತ್ತಿದ್ದ ಬೇಕಲೈಟ್ ಪ್ಯಾಕಿಂಗ್ ಮಾಡುತ್ತಿದ್ದದ್ದೂ ಇದೇ ಕೆಲಸ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ ಎಂಬುದು ನಿಜ. ಆದರೆ ಪೂರ್ತಿ ಥ್ರಾಟಲ್‌ನಲ್ಲಿ ನಾಲ್ಕೈದು ಲೀಟರ್ ಹಿಡಿಯುವ ಪ್ಲೀನಮ್‌ನಲ್ಲಿ ಗಾಳಿ ನಿಲ್ಲುವುದು ಸೆಕೆಂಡಿನ ನಲವತ್ತರಲ್ಲಿ ಒಂದು ಭಾಗ. ಅಷ್ಟರಲ್ಲಿ ಅದು ಹೀರುವ ಶಾಖ ಸ್ವಲ್ಪವೇ. ಫಿನಾಲಿಕ್‌ನ ಅನುಕೂಲ ಕಾಣುವುದು ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವಾಗ. ಅಲ್ಲೂ ಲೋಹದ ಬೋಲ್ಟ್‌ಗಳು ಸ್ವಲ್ಪ ಶಾಖವನ್ನು ದಾಟಿಸುತ್ತವೆ. ಗಾಳಿಯ ದಾರಿ ಹಿಗ್ಗಿಸುವುದೇ ಗುರಿಯಾಗಿದ್ದರೆ ವಸ್ತುವಿನ ಹೆಸರಿಗಿಂತ ಒಳಗಿನ ರಂಧ್ರ ಪ್ಲೀನಮ್ ಅಂಚಿಗೆ ಸರಿಯಾಗಿ ಹೊಂದುತ್ತದೆಯೇ ಎಂಬುದೇ ಮುಖ್ಯ. ಒಳಕ್ಕೆ ಚಾಚಿದ ಸಣ್ಣ ಮೆಟ್ಟಿಲೂ ಗಾಳಿಯನ್ನು ಕದಡುತ್ತದೆ.

ಎಲ್ಲ ಸ್ಪೇಸರುಗಳೂ ಒಂದೇ ಕೆಲಸ ಮಾಡುವುದಿಲ್ಲ. ರನ್ನರ್ ಮಧ್ಯದಲ್ಲೋ ಸಿಲಿಂಡರ್ ಹೆಡ್ ಬಳಿಯೋ ಕೂರುವಂಥದ್ದು ರನ್ನರನ್ನು ಉದ್ದಮಾಡುತ್ತದೆ. 300 ಮಿ.ಮೀ. ಉದ್ದದ ದಾರಿಗೆ 10 ಮಿ.ಮೀ. ಸೇರಿದರೆ ಗಾಳಿಯ ಒತ್ತಡದ ಅಲೆಗಳು ನೆರವಾಗುವ ವೇಗ ಸುಮಾರು ಶೇ. 3ರಷ್ಟು ಕೆಳಗಿಳಿಯುತ್ತದೆ, ಅಷ್ಟೇ. ಥ್ರಾಟಲ್ ಹಿಂದೆ ಹಾಕುವ, ಒಳಗೆ ತಿರುಪಿನ ಗೆರೆಗಳಿರುವ ಬಿಲ್ಲೆಗಳನ್ನು ಇಂಜೆಕ್ಷನ್ ಎಂಜಿನ್‌ಗೆ ಕೊಳ್ಳಬೇಕಿಲ್ಲ: ಅವು ಎಬ್ಬಿಸುವ ಸುಳಿ ಪ್ಲೀನಮ್‌ನಲ್ಲೇ ಅಡಗಿಹೋಗುತ್ತದೆ. ನಿಸಾನ್ 2007ರ 350ಝಡ್‌ಗೆ ಕೊಟ್ಟ ವಿಕ್ಯೂ35ಎಚ್ಆರ್ ಎಂಜಿನ್‌ನಲ್ಲಿ ಎರಡು ಥ್ರಾಟಲ್‌ಗಳ ಬೇರೆಯದೇ ಇಂಟೇಕ್ ಬಂತು. ಕಾರಿನ ಹೆಸರು ಒಂದೇ ಎಂದು ಡಿಇ ಎಂಜಿನ್‌ನ ಸ್ಪೇಸರ್ ಅದಕ್ಕೆ ಹೊಂದದು.

ಸ್ಪೇಸರ್ ಹಾಕಿದರೆ ಒಂದು ಜೋಡಣೆ ಇದ್ದಲ್ಲಿ ಎರಡಾಗುತ್ತವೆ, ಗಾಳಿ ಸೋರುವ ಅವಕಾಶವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಎರಡೂ ಬದಿಗೆ ಹೊಸ ಗ್ಯಾಸ್ಕೆಟ್ ಇರಬೇಕು. ಬೋಲ್ಟ್‌ಗಳು ಮೊದಲಿನವಕ್ಕಿಂತ ಸ್ಪೇಸರ್ ದಪ್ಪದಷ್ಟು ಹೆಚ್ಚು ಉದ್ದವಾಗಿರಬೇಕು. ಅಲ್ಯೂಮಿನಿಯಂನಲ್ಲಿ ಬೋಲ್ಟ್ ವ್ಯಾಸದ ಒಂದೂವರೆ ಪಟ್ಟು ಉದ್ದಕ್ಕೆ ತಿರುಪು ಹಿಡಿಯಬೇಕು, 6 ಮಿ.ಮೀ. ಬೋಲ್ಟ್ ಆದರೆ 9 ಮಿ.ಮೀ. ಮುಚ್ಚಳ ತೆಗೆದೊಡನೆ ರನ್ನರ್ ಬಾಯಿಗಳಿಗೆ ಶುದ್ಧ ಬಟ್ಟೆ ತುರುಕುವುದು ಕಡ್ಡಾಯ. ಒಂದು ನಟ್ ಒಳಗೆ ಬಿದ್ದರೆ ವಾಲ್ವು, ಪಿಸ್ಟನ್ ಎರಡೂ ಹಾಳು. ನಡುವಿನಿಂದ ಹೊರಕ್ಕೆ, ಸರ್ವಿಸ್ ಪುಸ್ತಕದ ಟಾರ್ಕ್‌ಗೆ ಬಿಗಿಯಬೇಕು. ಫಿನಾಲಿಕ್ ಶಾಖ ಮತ್ತು ಒತ್ತಡಕ್ಕೆ ಕೊಂಚ ಕುಗ್ಗುವುದರಿಂದ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ಟಾರ್ಕ್ ನೋಡಬೇಕು. ಸೆನ್ಸರ್ ದಾಟಿದ ಮೇಲೆ ಗಾಳಿ ಸೋರಿ ಒಳಬಂದರೆ ಕಂಪ್ಯೂಟರಿಗೆ ಅದರ ಲೆಕ್ಕ ಸಿಗದು. ಐಡಲ್ ಏರಿಳಿಯುತ್ತದೆ, ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಕಂಪ್ಯೂಟರ್ ಮಾಡುವ ತಿದ್ದುಪಡಿ) ಐಡಲ್‌ನಲ್ಲಿ ಹೆಚ್ಚು ಕಂಡು ವೇಗ ಏರಿದಂತೆ ಇಳಿಯುತ್ತದೆ, ಕೊನೆಗೆ ಪಿ0171 ಅಥವಾ ಪಿ0174 ಕೋಡ್ ಬಂದು ಎಂಜಿನ್ ದೀಪ ಹತ್ತುತ್ತದೆ.