ನಿಮಗಿದು ಗೊತ್ತೆ? ಲಂಡನ್ನಿನ ಹ್ಯಾಂಪ್‌ಸ್ಟೆಡ್

ಲಂಡನ್ನಿನ ವಾಯವ್ಯಕ್ಕೆ ಎತ್ತರವಾದ ದಿಬ್ಬದ ಮೇಲೆ ನೆಲಸಿರುವ ಹ್ಯಾಂಪ್‌ಸ್ಟೆಡ್ಡಿನಲ್ಲಿ ಇಂದು ಮನೆಯೊಂದನ್ನು ಕೊಳ್ಳುವುದು ಮಹಾಧನಿಕರಿಗಲ್ಲದೆ ಸಾಧ್ಯವಿಲ್ಲವಾದರೂ, ಅದರ ಖ್ಯಾತಿಗೆ ಮೂಲವಾದ ಚಿಲುಮೆಯಿದ್ದುದು ಬಡವರಿಗೆಂದು ದಾನವಾಗಿ ಬಂದ ಆರು ಎಕರೆ ಜೌಗುನೆಲದಲ್ಲಿ. 1698ರಲ್ಲಿ ಗೇನ್ಸ್‌ಬರೋ ಮನೆತನದ ಕೌಂಟೆಸ್ ಊರಿನ ದರಿದ್ರರ ಹಿತಾರ್ಥವಾಗಿ ಬಿಟ್ಟುಕೊಟ್ಟ ಆ ನೆಲದ ನೀರಿನಲ್ಲಿ ಕಬ್ಬಿಣದ ಅಂಶವಿದ್ದು, ಅದು ರೋಗಹರವೆಂಬ ನಂಬಿಕೆ ಹರಡಲು, ಸೀಸೆಗಳಲ್ಲಿ ತುಂಬಿ ನಗರದಲ್ಲಿ ಮಾರುವ ವ್ಯಾಪಾರವೂ, ಅದನ್ನು ಕುಡಿಯಲೆಂದೇ ಬರುವ ಸಿರಿವಂತರ ಸಂದಣಿಯೂ ಬೆಳೆದುವು. ಆ ಬಾವಿಯ ಹೆಸರನ್ನು ಹೊತ್ತ ವೆಲ್ ವಾಕ್ ಬೀದಿಯಲ್ಲಿ ಕವಿ ಕೀಟ್ಸನೂ, ಮುಂದೆ ಚಿತ್ರಕಾರ ಕಾನ್‌ಸ್ಟೇಬಲ್ಲನೂ ವಾಸಿಸಿದರು. ಕಾನ್‌ಸ್ಟೇಬಲ್ಲನಂತೂ ಇಲ್ಲಿಯ ಮೇಘಗಳನ್ನು ಚಿತ್ರಿಸಿ, ಪಟದ ಹಿಂಬದಿಯಲ್ಲಿ ದಿನಾಂಕ, ವೇಳೆ, ಗಾಳಿಯ ದಿಕ್ಕುಗಳನ್ನು ಶ್ರದ್ಧೆಯಿಂದ ಬರೆದಿಡುತ್ತಿದ್ದನು.

ಆದರೆ ಹ್ಯಾಂಪ್‌ಸ್ಟೆಡ್ಡಿನ ನಿಜವಾದ ಐಶ್ವರ್ಯವೆಂದರೆ, ನನ್ನ ಮಟ್ಟಿಗೆ, ಮನೆಗಳಲ್ಲ, ಅದರ ಹೀತ್ ಎಂಬ ವಿಶಾಲವಾದ ಬಯಲು. 1829ರಿಂದ ನಾಲ್ಕು ದಶಕಗಳ ಕಾಲ, ತಾನು ಸಾಯುವವರೆಗೂ, ಭೂಮಾಲಿಕನಾದ ಸರ್ ಥಾಮಸ್ ಮೇರಿಯನ್ ವಿಲ್ಸನ್ ಇಲ್ಲಿ ಮನೆಗಳನ್ನು ಕಟ್ಟಿಸಲು ಹವಣಿಸಿದರೂ, ಜನರ ಪ್ರತಿರೋಧವು ಮಣಿಯದೆ, 1871ರ ಶಾಸನದಿಂದ ಆ ಬಯಲು ಸಾರ್ವಜನಿಕರ ಸ್ವತ್ತಾಯಿತು. ಇಂದು ಅದರ ವಿಸ್ತಾರ ಸುಮಾರು 800 ಎಕರೆ. ಆ ಬಯಲಿನ ಮಡಿಲಲ್ಲಿರುವ ವೇಲ್ ಆಫ್ ಹೆಲ್ತ್ ಎಂಬ ಪುಟ್ಟ ವಸತಿಯಲ್ಲಿ 1912ರಲ್ಲಿ ನಮ್ಮ ರವೀಂದ್ರನಾಥ ಠಾಕೂರರು ಕೆಲಕಾಲ ತಂಗಿದ್ದರು.

ಇನ್ನೊಂದು ಮಾತು: 1907ರಲ್ಲಿ ತೆರೆದ ಇಲ್ಲಿಯ ರೈಲುನಿಲ್ದಾಣವು, ಮೇಲೆ ದಿಬ್ಬವಿರುವ ಕಾರಣ, ನೆಲದಿಂದ 58 ಮೀಟರಿಗೂ ಕೆಳಗಿದ್ದು, ಲಂಡನ್ನಿನ ಸುರಂಗ ರೈಲುಮಾರ್ಗದ ನಿಲ್ದಾಣಗಳಲ್ಲೆಲ್ಲ ಅತ್ಯಂತ ಆಳವಾದುದು, ಲಿಫ್ಟನ್ನು ಬಿಟ್ಟು ನಡೆಯುವವರು ಸುರುಳಿಯಾಕಾರದ 320 ಮೆಟ್ಟಿಲುಗಳನ್ನು ಏರಬೇಕು.