ಬಿಸಿಲಿನ ಹಾಜರಿ ಪುಸ್ತಕ

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಹಲವರು ಮನೆಯ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಕಿಸಿರುವರು. ಫಲಕಗಳಲ್ಲಿ ಹುಟ್ಟುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂಥಾದ್ದು. ಇನ್‌ವರ್ಟರ್ ಎಂಬ ಯಂತ್ರವು ಅದನ್ನು ಮನೆಯ ಬಳಕೆಗೆ ಒಗ್ಗುವ 230 ವೋಲ್ಟಿನ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುವುದು.

ಫಲಕಗಳ ಮೇಲೆ ಧೂಳು ಕವಿದರೂ, ಮರವು ಬೆಳೆದು ನೆರಳು ಚೆಲ್ಲಿದರೂ, ಒಂದು ಸಾಲು ಫಲಕಗಳೇ ಕೆಟ್ಟುನಿಂತರೂ ಮನೆಯ ದೀಪವು ಆರದು. ಕೊರತೆಯನ್ನು ಬೀದಿಯ ತಂತಿಯು ತುಂಬಿಕೊಡುವುದು. ಆದುದರಿಂದ ನಷ್ಟವು ತಿಂಗಳ ಬಿಲ್ಲು ಬಂದ ಮೇಲೆಯೇ ತಿಳಿಯುವುದು. ಇದಕ್ಕೆ ಪರಿಹಾರವು ತಪ್ಪದೆ ಬರೆದಿಡುವ ಲೆಕ್ಕವೇ.

ಈ ಕೆಲಸಕ್ಕೆ ಮನುಷ್ಯರು ಕಾದು ಕೂರಬೇಕಾಗಿಲ್ಲ. ಅನೇಕ ಇನ್‌ವರ್ಟರುಗಳು, ಕಾರ್ಖಾನೆಯ ಯಂತ್ರಗಳಿಗಾಗಿ 1979ರಲ್ಲಿ ಪ್ರಕಟವಾದ ಮಾಡ್‌ಬಸ್ ಎಂಬ ಸಂಕೇತಭಾಷೆಯನ್ನು ಬಲ್ಲವು. ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರನ್ನು ತಂತಿಯಿಂದ ಅದಕ್ಕೆ ಜೋಡಿಸತಕ್ಕದ್ದು. ಅದರೊಳಗಿನ ಕ್ರಾನ್ ಎಂಬ ವ್ಯವಸ್ಥೆಯು ಶಾಲೆಯ ಗಂಟೆಯಂತೆ ಐದೈದು ನಿಮಿಷಕ್ಕೊಮ್ಮೆ ಪ್ರಶ್ನೆಯನ್ನು ಕೇಳಿಸುವುದು. ಉತ್ತರವು ಬರಿಯ ಅಂಕಿಯಾಗಿರುವುದು: 2304 ಎಂದು ಬಂದರೆ ಕೆಲವು ಯಂತ್ರಗಳಲ್ಲಿ 230.4 ವೋಲ್ಟ್ ಎಂದರ್ಥ. ಯಾವ ಅಂಕಿಯನ್ನು ಎಷ್ಟರಿಂದ ಭಾಗಿಸಬೇಕೆಂಬುದನ್ನು ತಯಾರಕರ ಪಟ್ಟಿಯಿಂದ ತಿಳಿಯತಕ್ಕದ್ದು. ಹೀಗೆ ದಿನಕ್ಕೆ 288, ವರುಷಕ್ಕೆ 1,05,120 ದಾಖಲೆಗಳಾಗುವುವು. ಎಸ್‌ಕ್ಯೂಲೈಟ್ ಎಂಬ ಭಂಡಾರದಲ್ಲಿ ಇವೆಲ್ಲವೂ ಒಂದೇ ಕಡತದಲ್ಲಿ ಅಡಗುವುವು.

ಇಲ್ಲಿ ಮುಖ್ಯವಾದ ನಿಯಮವೊಂದುಂಟು. ಉತ್ತರವು ಬಾರದಿದ್ದಾಗ ಸೊನ್ನೆಯನ್ನು ಬರೆಯಕೂಡದು. ಸ್ಥಳವನ್ನು ಖಾಲಿ ಬಿಡತಕ್ಕದ್ದು. ಹಾಜರಿ ಕರೆಯದ ದಿನ ಹುಡುಗಿಯರೆಲ್ಲರೂ ಗೈರುಹಾಜರೆಂದು ಬರೆಯುವುದುಂಟೇ? ಸೊನ್ನೆಯೆಂದರೆ ವಿದ್ಯುತ್ತು ಹುಟ್ಟಲಿಲ್ಲ. ಖಾಲಿಯೆಂದರೆ ನಮಗೆ ತಿಳಿಯಲಿಲ್ಲ. ರಾತ್ರಿ ಅನೇಕ ಇನ್‌ವರ್ಟರುಗಳು ನಿದ್ರಿಸುವುದರಿಂದ ಆಗಿನ ಮೌನವು ಸಹಜವೇ. ನಡುಹಗಲಿನ ಮೌನವನ್ನು ಮಾತ್ರ ಕೂಡಲೇ ವಿಚಾರಿಸಬೇಕು. ನಡುವೆ ಕೆಲವು ದಾಖಲೆಗಳು ತಪ್ಪಿದರೂ, ಯಂತ್ರವು ತಾನೇ ಕೂಡಿಸುತ್ತ ಬರುವ ಒಟ್ಟು ಯೂನಿಟ್ಟುಗಳಲ್ಲಿ ಹಿಂದಿನದನ್ನು ಕಳೆದರೆ ಆ ಅವಧಿಯ ಉತ್ಪತ್ತಿಯು ದೊರೆಯುವುದು.

ಪದೇ ಪದೇ ಬರೆಯುವುದರಿಂದ ಸಣ್ಣ ಮೆಮೊರಿ ಕಾರ್ಡು ಸವೆಯುವುದು. ಆದಕಾರಣ ವಾರಕ್ಕೊಮ್ಮೆ ಕಡತದ ಪ್ರತಿಯೊಂದನ್ನು ಬೇರೆಡೆಯೂ ಇರಿಸತಕ್ಕದ್ದು. ಆಷಾಢದ ಮೋಡದ ದಿನಗಳನ್ನು ಚೈತ್ರದ ಬಿಸಿಲಿನೊಡನೆ ಹೋಲಿಸದೆ, ಹಿಂದಿನ ವರುಷದ ಆಷಾಢದೊಡನೆಯೇ ಹೋಲಿಸಬೇಕು.

ಅಂಕಿಗಳನ್ನು ಯಂತ್ರವು ಕೂಡಿಡಬಲ್ಲುದು; ಅವುಗಳ ಅರ್ಥವನ್ನು ನಾವೇ ಓದಬೇಕು. ಗಣಿತದ ಪಾಠದಲ್ಲಿ ನಕ್ಷೆ ಬರೆಯಲು ಕಲಿತ ಮಗಳಿಗೆ ಈ ಕೆಲಸವನ್ನು ಒಪ್ಪಿಸಿರಿ. ಮನೆಯ ಲೆಕ್ಕವೂ ನೇರವಾದೀತು, ಪಾಠವೂ ಮನದಲ್ಲಿ ನಿಂತೀತು.