ಪಕ್ಕದ ಮನೆಯ ಮೊಲ

ನಮ್ಮ ಮದ್ರಸದ ಹಿಂದಿನ ಅಂಗಳದಲ್ಲಿ ತಗಡಿನ ಮಾಡಿನಡಿ ಒಂದು ಗೂಡು, ಅದರಲ್ಲೊಂದು ಬಿಳಿ ಮೊಲ. ಪೆರ್ನಾಲ್‌ಗೆ ಮಕ್ಕಳ ಹಟಕ್ಕೆ ತಂದದ್ದು. ಮೊದಲ ವಾರ ಮುದ್ದೋ ಮುದ್ದು. ಈಗ ಯಾರೂ ಅತ್ತ ಸುಳಿಯುವುದಿಲ್ಲ. ನೀರಿನ ಬಟ್ಟಲು ಮಗುಚಿರುತ್ತದೆ, ತಿನ್ನಲು ನಿನ್ನೆಯ ಅನ್ನ.

ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಸವೆಯಬೇಕಾದರೆ ಹಗಲಿಡೀ ಹುಲ್ಲು ಜಗಿಯಬೇಕು. ಅನ್ನ, ಬಿಸ್ಕತ್ತು ಅದಕ್ಕೆ ಆಗಿಬರುವುದಿಲ್ಲ. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಕೆಲಸವೇ ನಿಲ್ಲಬಹುದು. ನಮ್ಮಂತೆ ಬೆವರುವುದಿಲ್ಲ, ಮೈಯ ಬಿಸಿ ಹೆಚ್ಚಾಗಿ ಕಿವಿಗಳಿಂದಲೇ ಹೊರಹೋಗಬೇಕು. ಕರಾವಳಿಯ ಏಪ್ರಿಲ್ ಸೆಕೆ, ಮೇಲೆ ತಗಡು! ಫ್ಯಾನಿಲ್ಲದೆ ನಾವೇ ಪಾಠ ಮಾಡಲಾರೆವು.

ಹೇಳುವುದೋ ಬೇಡವೋ? ಪರರ ಸೊತ್ತು, ಗೂಡು ತೆರೆದು ತರುವ ಹಕ್ಕು ನಮಗಿಲ್ಲ. ಉಸ್ತಾದರಿಗೆ ಬೇರೆ ಕೆಲಸ ಇಲ್ವಾ ಎಂದಾರು. ಆದರೆ ಬೆಕ್ಕನ್ನು ಕೂಡಿಹಾಕಿ, ತಾನೂ ತಿನ್ನಲು ಕೊಡದೆ, ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದ ಹದೀಸನ್ನು ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ?

ಮೊನ್ನೆ ಮದ್ರಸ ಬಿಟ್ಟ ಮೇಲೆ ಒಂದು ಹಿಡಿ ಗರಿಕೆ ಕಿತ್ತುಕೊಂಡು ಹೋದೆವು. "ಉಮ್ಮ, ನಮ್ಮ ಮದ್ರಸದ ಮಕ್ಕಳು ದಿನಾ ಹುಲ್ಲು ಹಾಕಬಹುದಾ?" ಎಂದು ಮೆಲ್ಲಗೆ ಕೇಳಿದೆವು.

"ಹಾಕ್ಲಿ ಉಸ್ತಾದ್. ಮೊಮ್ಮಕ್ಕಳಿಗೆ ಪರೀಕ್ಷೆ, ನನಗೆ ಸೊಂಟ ಬಗ್ಗುದಿಲ್ಲ," ಎಂದರು ಆ ಅಜ್ಜಿ. ನಾವು ಮನಸ್ಸಿನಲ್ಲೇ ಬೈದದ್ದಕ್ಕೆ ನಮಗೇ ನಾಚಿಕೆಯಾಯಿತು.

ಗೂಡು ಈಗ ಹಲಸಿನ ಮರದ ನೆರಳಿಗೆ ಬಂದಿದೆ. ನೀರಿಗೆ ಮಗುಚದ ಮಣ್ಣಿನ ಬಟ್ಟಲು. ಹಲ್ಲು ಉದ್ದವಾಗಿದೆ, ಪಶುವೈದ್ಯರಿಗೆ ತೋರಿಸಬೇಕು. ಅದಕ್ಕೆ ಗಲ್ಫಿನಿಂದ ಮಗನ ಫೋನ್ ಬರಲಿ ಎಂದಿದ್ದಾರೆ.